ಮೋಟಾರಿನ ನೀರಡಿಕೆ

ಆಗುಂಬೆಯಲ್ಲಾಗಲಿ, ಚಾರ್ಮಾಡಿಯಲ್ಲಾಗಲಿ, ಏರುದಾರಿಯ ನಡುವೆ ಬಾನೆಟ್ಟು ತೆರೆದು, ಬುಸ್ಸೆಂದು ಹಬೆಯುಗುಳುತ್ತ ನಿಂತ ಮೋಟಾರನ್ನು ಕಾಣದವರು ನಮ್ಮ ಹಿರಿಯರಲ್ಲಿ ವಿರಳ. ಬಸ್ಸಾದರೆ ಕ್ಲೀನರ್ ಹುಡುಗ ಡಬ್ಬಿ ಹಿಡಿದು ತೊರೆಯ ಕಡೆಗೆ ಓಡುತ್ತಿದ್ದ. ಕಾರಾದರೆ ಮುಂದಿನ ಬಂಪರಿಗೆ ತೂಗುಹಾಕಿದ ಕ್ಯಾನ್ವಾಸು ಚೀಲದ ನೀರು ಕೆಲಸಕ್ಕೆ ಬರುತ್ತಿತ್ತು. ಪ್ರಯಾಣಿಕರು ಇಳಿದು, ಮೈಮುರಿದು, ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಯಂತ್ರ ತಣಿಯುತ್ತಿತ್ತು. ಅದನ್ನು ಯಾರೂ ಅಪಘಾತವೆಂದು ಎಣಿಸುತ್ತಿರಲಿಲ್ಲ. ಎತ್ತಿಗೆ ನೀರು ಕುಡಿಸುವಂತೆ ಮೋಟಾರಿಗೂ ಕುಡಿಸಬೇಕು, ಅಷ್ಟೆ.

ಈಗಿನ ಹೊಸ ಕಾರುಗಳು ಆ ದೃಶ್ಯವನ್ನು ಬಹುಮಟ್ಟಿಗೆ ಮರೆಸಿಬಿಟ್ಟಿವೆ. ಆದರೆ ಹಳೆಯ ಮೋಟಾರುಗಳನ್ನು ಮಕ್ಕಳಂತೆ ಸಾಕುವ ಒಂದು ವರ್ಗವಿದೆಯಲ್ಲ, ಅವರ ಮಾತು ಕೇಳಿ ನೋಡಿ. ಹತ್ತು ಮಾತಿಗೆ ಮೂರು ಮಾತು ಗಾಡಿ ಕಾಯುವುದರ ಬಗೆಗೇ ಇರುತ್ತದೆ. ಒಬ್ಬರು ಪಂಪು ಬದಲಿಸಿ ಎನ್ನುವರು, ಮತ್ತೊಬ್ಬರು ದೊಡ್ಡ ರೇಡಿಯೇಟರು ಹಾಕಿಸಿ ಎನ್ನುವರು, ಮೂರನೆಯವರು ಥರ್ಮೊಸ್ಟಾಟನ್ನು ಕಿತ್ತೆಸೆಯಿರಿ ಎಂದು ತೀರ್ಪು ಕೊಡುವರು. ಮೂವರೂ ಸರಿಯಿರಬಹುದು, ಮೂವರೂ ತಪ್ಪಿರಬಹುದು. ಎಂಜಿನ್ನು ಏಕೆ ಕಾಯುತ್ತದೆ, ಅದನ್ನು ತಣಿಸಲು ಯಾರು ಯಾರು ಏನೇನು ಪಾಡುಪಟ್ಟರು ಎಂಬ ಕಥೆ ತಿಳಿದರೆ, ಈ ಮೂರು ಸಲಹೆಗಳನ್ನು ತೂಗಿ ನೋಡಲು ಒಂದು ತಕ್ಕಡಿ ದೊರೆತಂತಾಗುತ್ತದೆ.

ಮೊದಲು ಒಂದೆರಡು ಲೆಕ್ಕ. ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಿದಾಗ ಆ ಕ್ಷಣದಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಂಟಿಗ್ರೇಡಿಗೂ ಮೀರುತ್ತದೆ. ಎರಕದ ಕಬ್ಬಿಣವೋ 1200 ಡಿಗ್ರಿಯ ಸುಮಾರಿಗೆ ಕರಗಿ ನೀರಾಗುವ ಲೋಹ. ಕರಗುವುದಿರಲಿ, ಅದಕ್ಕೆ ಎಷ್ಟೋ ಮೊದಲೇ ಎಣ್ಣೆಯ ಪೊರೆ ಹರಿದು, ಪಿಸ್ಟನ್ನು ಉಬ್ಬಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ನಮ್ಮ ಮೆಕ್ಯಾನಿಕ್ಕುಗಳು 'ಸೀಜ್ ಆಯಿತು' ಎನ್ನುವುದು ಇದನ್ನೇ. ಹಳೆಯ ಕಾಲದ ಎಂಜಿನ್ನಿನಲ್ಲಿ ಪೆಟ್ರೋಲಿನ ಶಾಖದ ನಾಲ್ಕರಲ್ಲೊಂದು ಪಾಲು ಕೂಡ ಚಕ್ರವನ್ನು ತಲಪುತ್ತಿರಲಿಲ್ಲ. ಉಳಿದುದರಲ್ಲಿ ಒಂದಂಶ ಹೊಗೆಕೊಳವೆಯಲ್ಲಿ ಹೋಗುತ್ತಿತ್ತು. ಇನ್ನೊಂದಂಶವನ್ನು ಲೋಹದ ಗೋಡೆಯ ಮೂಲಕ ನೀರಿಗೋ ಗಾಳಿಗೋ ದಾಟಿಸಬೇಕಾಗಿತ್ತು. ಮೋಟಾರು ಎಂದರೆ ನಡೆದಾಡುವ ಒಲೆ. ಓಟ ಅದರ ಉಪವೃತ್ತಿ ಎಂದರೂ ಸಲ್ಲುತ್ತದೆ.

ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಬಂಡಿಗೆ ಜರ್ಮನಿಯಲ್ಲಿ ಪೇಟೆಂಟು ಕೇಳಿದುದು 1886ರ ಜನವರಿ 29ರಂದು. ಅವನು ಕಂಡುಕೊಂಡ ಉಪಾಯ ತೀರ ಸರಳವಾದುದು. ಸಿಲಿಂಡರಿನ ಸುತ್ತ ನೀರು. ಅದು ಕಾದು ಕುದಿದು ಹಬೆಯಾಗಿ ಹೋಗಲಿ, ಹೋದಷ್ಟನ್ನು ಮತ್ತೆ ಸುರಿದರಾಯಿತು. ಇದನ್ನು ಕೇಳಿ ನಗಬೇಕಾಗಿಲ್ಲ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕಿಲೋಕ್ಯಾಲರಿ ಶಾಖ ಸಾಕು. ಕುದಿಯುವ ಅದೇ ನೀರನ್ನು ಹಬೆ ಮಾಡಲು ಸುಮಾರು 540 ಬೇಕು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದೂ ಇದೇ ನಿಯಮದಿಂದ. ಶಾಖವನ್ನು ಹೊತ್ತೊಯ್ಯುವುದರಲ್ಲಿ ಹಬೆಗೆ ಸಮನಾದ ಕೂಲಿಯಾಳಿಲ್ಲ. ಆದರೆ ಆ ಕೂಲಿಯಾಳು ಹೋದವನು ಮರಳುವುದಿಲ್ಲ. ದಾರಿಯುದ್ದಕ್ಕೂ ಹೊಸ ಆಳು ಹಿಡಿಯುತ್ತ ಹೋಗಬೇಕು.

ಇದರ ಕಷ್ಟವನ್ನು ಮೊದಲು ಅನುಭವಿಸಿದವಳು ಬೆಂಜನ ಹೆಂಡತಿ ಬೆರ್ತಾ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಯೂಜೆನ್, ರಿಕಾರ್ಡ್ ಎಂಬ ಇಬ್ಬರು ಹುಡುಗರನ್ನು ಕೂಡಿಸಿಕೊಂಡು, ಆಕೆ ಮಾನ್‌ಹೈಮ್‌ನಿಂದ ತನ್ನ ತವರಾದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಆ ಬಂಡಿಯಲ್ಲಿ ಕ್ರಮಿಸಿದಳು. ವೀಸ್ಲೋಖ್ ಊರಿನ ಔಷಧಿಯಂಗಡಿಯಲ್ಲಿ ಇಂಧನ ಕೊಂಡುದು, ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದುದು, ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದುದು, ಇವನ್ನೆಲ್ಲ ಚರಿತ್ರಕಾರರು ರಸವತ್ತಾಗಿ ಹೇಳುತ್ತಾರೆ. ನೀರಿನ ಮಾತನ್ನು ಮಾತ್ರ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನಗನಿಸುವಂತೆ ಆ ಪ್ರಯಾಣದ ನಿಜವಾದ ದುಡಿಮೆ ಅದೇ: ಬಾವಿ ಕಂಡಲ್ಲಿ, ಹಳ್ಳ ಕಂಡಲ್ಲಿ ಬಂಡಿ ನಿಲ್ಲಿಸುವುದು, ನೀರು ತಂದು ತುಂಬುವುದು, ಏರು ಬಂದರೆ ಮಕ್ಕಳಿಂದ ತಳ್ಳಿಸುವುದು. ಆಕೆ ಹಿಂತಿರುಗಿದ ಮೇಲೆ ಬೆಂಜ್ ಏರುದಾರಿಗೆಂದು ಇನ್ನೊಂದು ಗೇರನ್ನು ಸೇರಿಸಿದ. ನೀರಿನ ತೊಡಕು ಹಾಗೆಯೇ ಉಳಿಯಿತು.

ಅದನ್ನು ಬಿಡಿಸಿದವನು ವಿಲ್ಹೆಲ್ಮ್ ಮೇಬಾಖ್. ಹತ್ತು ವರ್ಷಕ್ಕೆ ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡು, ರಾಯ್ಟ್ಲಿಂಗೆನ್ ಊರಿನ ಅನಾಥಾಲಯದಲ್ಲಿ ಬೆಳೆದು, ಅಲ್ಲಿಯೇ ಗಾಟ್‌ಲೀಬ್ ಡೈಮ್ಲರನ ಕಣ್ಣಿಗೆ ಬಿದ್ದ ಹುಡುಗ ಇವನು. ಡೈಮ್ಲರನ ಹೆಸರಿನಲ್ಲಿ ನಡೆದ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ಇವನ ತಲೆಯಿಂದ ಬಂದುದು ಎಂದರೆ ಅತಿಶಯವಾಗದು. 1889ರಲ್ಲಿ ಇವನು ಮಾಡಿದ ತಂತಿ ಗಾಲಿಯ ಬಂಡಿಯಲ್ಲಿ ಚೌಕಟ್ಟಿನ ಉಕ್ಕಿನ ಕೊಳವೆಗಳ ಒಳಗೇ ನೀರು ಹರಿಯುವಂತೆ ಮಾಡಿದ್ದ. ಬೈಸಿಕಲ್ಲಿನ ಎಲುಬುಗಳೇ ಅದರ ನರಗಳೂ ಆದಂತೆ! ಉಪಾಯ ಚೆಲುವಾದುದೇ, ಆದರೆ ಎಂಜಿನ್ನಿನ ಶಕ್ತಿ ಏರಿದಂತೆ ಅಷ್ಟು ಕೊಳವೆ ಸಾಲದಾಯಿತು. ನೀರು ಉಳಿಯಬೇಕು, ಶಾಖ ಹೋಗಬೇಕು. ಅದಕ್ಕೆ ನೀರಿನ ಮೈ ಗಾಳಿಗೆ ಆದಷ್ಟು ವಿಸ್ತಾರವಾಗಿ ತಗಲಬೇಕು. ಪ್ರಶ್ನೆ ಅಷ್ಟೇ.

ಉತ್ತರಕ್ಕೆ ಅವಸರ ಹುಟ್ಟಿಸಿದುದು ಒಂದು ಸಾವು. 1900ರ ಮಾರ್ಚ್ 30ರಂದು ಫ್ರಾನ್ಸಿನ ನೀಸ್ ನಗರದಿಂದ ಲಾ ತುರ್ಬಿ ಗುಡ್ಡಕ್ಕೆ ನಡೆದ ಏರು ಓಟದಲ್ಲಿ ವಿಲ್ಹೆಲ್ಮ್ ಬಾವರ್ ಎಂಬಾತ ಡೈಮ್ಲರ್ ಕಂಪನಿಯ ಎತ್ತರವಾದ, ತಲೆಭಾರದ ಕಾರನ್ನು ತಿರುವಿನಲ್ಲಿ ಬಂಡೆಗೆ ಗುದ್ದಿಸಿ ಮಡಿದ. ಡೈಮ್ಲರನೂ ಅದೇ ತಿಂಗಳ ಮೊದಲಲ್ಲಿ ತೀರಿಕೊಂಡಿದ್ದ. ಕಂಪನಿ ಓಟಗಳಿಂದ ಹಿಂದೆ ಸರಿಯಬೇಕೆಂಬ ಮಾತು ಬಂತು. ಆ ಕಾರುಗಳನ್ನು ಶ್ರೀಮಂತರಿಗೆ ಮಾರುತ್ತಿದ್ದ ಎಮಿಲ್ ಯೆಲ್ಲಿನೆಕ್ ಹಟ ಹಿಡಿದ: ಕಾರು ಉದ್ದವಾಗಲಿ, ಅಗಲವಾಗಲಿ, ನೆಲಕ್ಕೆ ತಗ್ಗಲಿ, ಶಕ್ತಿಯೂ ಹೆಚ್ಚಲಿ, ಹಾಗೆ ಮಾಡಿಕೊಟ್ಟರೆ 36 ಕಾರುಗಳನ್ನು ನಾನೇ ಕೊಳ್ಳುವೆ. ಜೊತೆಗೊಂದು ಷರತ್ತು, ಕಾರಿಗೆ ತನ್ನ ಮಗಳು ಮರ್ಸಿಡಿಸಳ ಹೆಸರಿಡಬೇಕು.

ಆ ಕಾರಿನ ಮೂತಿಯಲ್ಲಿ ಮೇಬಾಖ್ ಕೂಡಿಸಿದುದೇ ಜೇನುಗೂಡಿನ ರೇಡಿಯೇಟರು. ಆರು ಮಿಲಿಮೀಟರು ಚೌಕದ ಸಣ್ಣ ಕೊಳವೆಗಳು, ಒಂದಲ್ಲ ಎರಡಲ್ಲ, 8070. ಅವನ್ನೆಲ್ಲ ಒತ್ತೊತ್ತಾಗಿ ಜೋಡಿಸಿ ತುದಿಗಳನ್ನು ಬೆಸೆದಿತ್ತು. ಕೊಳವೆಯ ಒಳಗೆ ಗಾಳಿ, ಕೊಳವೆಗಳ ನಡುವಣ ಕೂದಲೆಳೆಯ ಸಂದಿಯಲ್ಲಿ ನೀರು. ಹಿಂದೆ ಗಾಳಿಯೆಳೆಯಲು ಒಂದು ಫ್ಯಾನು. ಹಿಂದಿನ ಕಾರಿಗೆ 18 ಲೀಟರು ನೀರು ಬೇಕಾಗಿದ್ದರೆ 35 ಕುದುರೆ ಶಕ್ತಿಯ ಈ ಹೊಸ ಕಾರಿಗೆ 9 ಲೀಟರು ಸಾಕಾಯಿತು. ನೀರು ಅರ್ಧಕ್ಕಿಳಿದುದರಿಂದ ಭಾರವೂ ಇಳಿಯಿತು. 1901ರ ಮಾರ್ಚಿನಲ್ಲಿ ಅದೇ ನೀಸಿನ ಓಟಗಳಲ್ಲಿ, ಬಾವರ್ ಸತ್ತ ಅದೇ ಗುಡ್ಡದ ದಾರಿಯಲ್ಲಿಯೂ, ಮರ್ಸಿಡಿಸ್ ಎಲ್ಲರನ್ನೂ ಹಿಂದಿಕ್ಕಿತು. ಕಾರಿಗೆ ಮುಖವೆಂಬುದೊಂದು ಬಂದುದು ಅಂದಿನಿಂದಲೇ. ಇಂದಿಗೂ ಮಕ್ಕಳು ಕಾರಿನ ಚಿತ್ರ ಬರೆದರೆ ಮುಂದುಗಡೆ ಜಾಲರಿ ಬಿಡಿಸುತ್ತಾರಲ್ಲ, ಅದು ಮೇಬಾಖನ ಸಹಿ.

ಎಲ್ಲರೂ ಒಡನೆ ಆ ದಾರಿ ಹಿಡಿದರೆಂದಲ್ಲ. ಫ್ರಾನ್ಸಿನ ರೆನೋ ಕಂಪನಿ 1920ರ ದಶಕದ ಕೊನೆಯವರೆಗೂ ರೇಡಿಯೇಟರನ್ನು ಎಂಜಿನ್ನಿನ ಹಿಂದೆಯೇ ಇಡುತ್ತಿತ್ತು. 1914ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಿಂದ ಮಾರ್ನ್ ರಣರಂಗಕ್ಕೆ ಸೈನಿಕರನ್ನು ಸಾಗಿಸಿ ಹೆಸರಾದ ಟ್ಯಾಕ್ಸಿಗಳು ಆ ಬಗೆಯವೇ.

ಇನ್ನು ಹೆನ್ರಿ ಫೋರ್ಡನ ಮಾತು. 1908ರಿಂದ 1927ರವರೆಗೆ ಒಂದೂವರೆ ಕೋಟಿ ಟಿ ಮಾದರಿ ಕಾರುಗಳನ್ನು ಹೊರತಂದ ಈ ಮನುಷ್ಯನಿಗೆ, ಇಲ್ಲದಿದ್ದರೂ ನಡೆಯುವ ವಸ್ತುವಿನ ಮೇಲೆ ಬಲು ದ್ವೇಷ. ಮೊದಲ ಸುಮಾರು 2500 ಕಾರುಗಳಿಗೆ ನೀರಿನ ಪಂಪು ಇತ್ತು. ಬಳಿಕ ಅದನ್ನು ತೆಗೆದೇಬಿಟ್ಟ. ನೀರು ಹೇಗೆ ಹರಿಯಬೇಕು? ಬಚ್ಚಲ ಹಂಡೆಯನ್ನು ನೆನೆಯಿರಿ. ಕೆಳಗೆ ಉರಿ ಹಾಕಿದರೆ ಬಿಸಿನೀರು ತಾನಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಟಿ ಕಾರಿನಲ್ಲಿಯೂ ಅಷ್ಟೆ: ಎಂಜಿನ್ನಿನಲ್ಲಿ ಕಾದ ನೀರು ಮೇಲಿನ ಕೊಳವೆಯಿಂದ ರೇಡಿಯೇಟರಿನ ನೆತ್ತಿಗೆ ಏರಿ, ತಣಿದು ಕೆಳಗಿಳಿದು, ತಳದ ಕೊಳವೆಯಿಂದ ಎಂಜಿನ್ನಿಗೆ ಮರಳುತ್ತಿತ್ತು. ಸವೆಯುವ ಭಾಗವಿಲ್ಲ, ಸೋರುವ ಸೀಲಿಲ್ಲ. ರೈತನ ಕಾರಿಗೆ ಇದಕ್ಕಿಂತ ಒಪ್ಪುವುದು ಇನ್ನೇನು?

ಆದರೆ ಇದರಲ್ಲೊಂದು ಸೂಕ್ಷ್ಮವಿದೆ. ನೀರಿನ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ನಾಲ್ಕು ಬೆರಳು ಕೆಳಗಿಳಿಯಿತೆನ್ನಿ. ರೇಡಿಯೇಟರಿನಲ್ಲಿ ಮುಕ್ಕಾಲು ಪಾಲು ನೀರಿದ್ದರೂ ಸುತ್ತು ಮುರಿದುಬೀಳುತ್ತದೆ. ಎಂಜಿನ್ನಿನ ನೀರು ಅಲ್ಲೇ ಕುದಿಯುತ್ತದೆ, ರೇಡಿಯೇಟರಿನ ನೀರು ತಣ್ಣಗೆ ಕುಳಿತಿರುತ್ತದೆ. ಬೆಳಗಿನಿಂದ ಸರಿಯಾಗಿದ್ದ ಕಾರು ಇದ್ದಕ್ಕಿದ್ದಂತೆ ಕುದಿಯಿತೆಂದು ಬೆರಗಾದವರಿಗೆ ಇದೇ ಉತ್ತರ. ಎರಡನೆಯ ಸೂಕ್ಷ್ಮ ಚಾಲಕನ ಕೈಯಲ್ಲಿತ್ತು. ಸ್ಟಿಯರಿಂಗಿನ ಎಡಬದಿಯ ಸಣ್ಣ ಹಿಡಿಯೊಂದು ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡುತ್ತಿತ್ತು. ಕಾರು ಚಾಲೂ ಮಾಡುವಾಗ ಕಿಡಿಯನ್ನು ತಡಮಾಡಿಡಬೇಕು, ಇಲ್ಲವಾದರೆ ಹ್ಯಾಂಡಲು ತಿರುಗಿಬಿದ್ದು ಕೈ ಮುರಿಯುತ್ತದೆ. ಹೊರಟ ಮೇಲೆ ಮುಂದಕ್ಕೆ ತಳ್ಳಬೇಕು. ಮರೆತು ಹಾಗೆಯೇ ಓಡಿಸಿದರೆ ಪೆಟ್ರೋಲು ತಡವಾಗಿ ಉರಿದು, ಶಾಖ ಕೆಲಸಕ್ಕೆ ಬಾರದೆ ಗೋಡೆಗೂ ಹೊಗೆಕೊಳವೆಗೂ ಹತ್ತಿ, ಕೊಳವೆ ಕೆಂಪಗೆ ಕಾಯುತ್ತಿತ್ತು. ರೇಡಿಯೇಟರು ಹೊಚ್ಚ ಹೊಸದಿದ್ದರೂ ಕುದಿಯುವುದು ತಪ್ಪದು. ಕಾರಣ ಒಂದು ಕಡೆ, ಲಕ್ಷಣ ಇನ್ನೊಂದು ಕಡೆ. ಹಳೆಯ ಗಾಡಿಯ ಚಿಕಿತ್ಸೆಯಲ್ಲಿ ಇದನ್ನು ಮತ್ತೆ ನೆನೆಯಬೇಕಾಗುತ್ತದೆ.

1927ರ ಕೊನೆಗೆ ಬಂದ ಎ ಮಾದರಿಯಲ್ಲಿ ಫೋರ್ಡ್ ಪಂಪನ್ನು ಮರಳಿ ತಂದ. ಹಟಮಾರಿಯೂ ಬಾಗುತ್ತಾನೆ, ಹತ್ತೊಂಬತ್ತು ವರ್ಷ ಬೇಕಾಗುತ್ತದೆ.

ಈ ನಡುವೆ, ನೀರಿನ ಗೊಡವೆಯೇ ಬೇಡ ಎಂದು ಹೊರಟವರೂ ಇದ್ದರು. ಅಮೆರಿಕದ ಫ್ರ್ಯಾಂಕ್ಲಿನ್ ಕಂಪನಿ 1902ರಿಂದ 1934ರವರೆಗೆ ಬರಿಯ ಗಾಳಿಯಿಂದ ತಣಿಯುವ ಕಾರುಗಳನ್ನು ಯಶಸ್ವಿಯಾಗಿ ಮಾಡಿತು. ಅದನ್ನು ಅಗ್ಗದ ಕಾರಿಗೂ ತರಬೇಕೆಂದು ಜನರಲ್ ಮೋಟಾರ್ಸಿನ ಚಾರ್ಲ್ಸ್ ಕೆಟರಿಂಗ್ ಪಣತೊಟ್ಟ. ಹ್ಯಾಂಡಲು ತಿರುವುವ ಕಷ್ಟದಿಂದ ಲೋಕವನ್ನು ಪಾರುಮಾಡಿದ ವಿದ್ಯುತ್ ಸ್ಟಾರ್ಟರು ಇವನದೇ. ತಾಮ್ರ ಕಬ್ಬಿಣಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಶಾಖ ಹರಿಸುತ್ತದೆ. ಕಬ್ಬಿಣದ ಸಿಲಿಂಡರಿಗೆ ತಾಮ್ರದ ರೆಕ್ಕೆಗಳನ್ನು ಬೆಸೆದರೆ ನೀರೇಕೆ? ತರ್ಕ ಸರಿಯಾಗಿಯೇ ಇತ್ತು. 1923ರ ಆರಂಭದಲ್ಲಿ ಷೆವ್ರೊಲೆಯ 'ತಾಮ್ರ ತಂಪಿನ' ಕಾರು ಪ್ರದರ್ಶನಕ್ಕೆ ಬಂತು. ಪ್ರಯೋಗಶಾಲೆಯಲ್ಲಿ ಓಡಿದ್ದು ಬೀದಿಯಲ್ಲಿ ಓಡಲಿಲ್ಲ. ಬಿಸಿಲೇರಿದಂತೆ ಶಕ್ತಿ ಕುಂದಿತು, ಕಿಡಿಗೂ ಮೊದಲೇ ಪೆಟ್ರೋಲು ಹೊತ್ತಿಕೊಳ್ಳತೊಡಗಿತು. ತಯಾರಾದ 759 ಕಾರುಗಳಲ್ಲಿ ಗಿರಾಕಿಗಳ ಕೈ ಸೇರಿದುವು ಸುಮಾರು ನೂರು ಮಾತ್ರ. ಜೂನಿನಲ್ಲಿ ಎಲ್ಲವನ್ನೂ ಹಿಂದಕ್ಕೆ ಕರೆಸಲಾಯಿತು. ಕೆಟರಿಂಗ್ ನೊಂದುಕೊಂಡ, ಕಂಪನಿಯ ಹೊಸ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ನೀರಿನ ಪಕ್ಷ ವಹಿಸಿದ. ಹೀಗೆ ಅಳಿದುಳಿದ ಒಂದು ಕಾರು ಇಂದು ಎದುರಾಳಿಯಾದ ಹೆನ್ರಿ ಫೋರ್ಡನ ಹೆಸರಿನ ಮ್ಯೂಸಿಯಮ್ಮಿನಲ್ಲಿದೆ ಎಂಬುದು ತಮಾಷೆ. ಗಾಳಿಯ ತಂಪು ಸುಳ್ಳಲ್ಲವೆಂದು ಮುಂದೆ ಜರ್ಮನಿಯ ಫೋಕ್ಸ್‌ವಾಗನ್ ಸಾಧಿಸಿ ತೋರಿಸಿತು. ಆದರೆ ಅದಕ್ಕೆ ಬಲವಾದ ಫ್ಯಾನೂ ಹಗುರ ಲೋಹವೂ ಬೇಕಾದುವು.

ಇನ್ನು ಮರುಭೂಮಿ. ನೀರಿಗಾಗಿ ಓಡಲು ತೊರೆಯೇ ಇಲ್ಲದ ಊರಿನಲ್ಲಿ ಕಾರು ಕುದಿದರೆ ಗತಿಯೇನು? ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ 1920ರ ದಶಕದ ಕೊನೆಯಿಂದ ಗೆಳೆಯರೊಡನೆ ಫೋರ್ಡ್ ಕಾರುಗಳನ್ನು ಲಿಬಿಯದ ಮರಳ ಕಡಲಿಗೆ ನುಗ್ಗಿಸುತ್ತಿದ್ದ. ಅಲ್ಲಿ ಕಾರಿಗೆ ಸುರಿದ ಪ್ರತಿ ಸೇರು ನೀರೂ ಮನುಷ್ಯನ ಗಂಟಲಿನಿಂದ ಕಿತ್ತ ನೀರು. ಅವನ ಉಪಾಯ ನೋಡಿ: ರೇಡಿಯೇಟರಿನ ಹಬೆ ಹೊರಹೋಗುವ ಕೊಳವೆಯನ್ನು ಉದ್ದಮಾಡಿ, ಪಾವಟಿಗೆಯ ಮೇಲೆ ಕಟ್ಟಿದ, ಅರ್ಧ ನೀರು ತುಂಬಿದ ಒಂದು ಡಬ್ಬಿಯೊಳಗೆ ಮುಳುಗಿಸಿದ. ಹಬೆ ಡಬ್ಬಿಯ ನೀರಿಗೆ ಬಂದು ಮರಳಿ ನೀರಾಗುತ್ತಿತ್ತು. ಡಬ್ಬಿಯೂ ಕುದಿಯಹತ್ತಿದರೆ ಚಾಲಕ ಕಾರನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸುವನು. ಒಂದೆರಡು ನಿಮಿಷದಲ್ಲಿ ರೇಡಿಯೇಟರು ತಣಿದು, ಒಳಗೆ ನಿರ್ವಾತವುಂಟಾಗಿ, ಗುಳುಗುಳು ಶಬ್ದ ಮಾಡುತ್ತ ಡಬ್ಬಿಯ ನೀರನ್ನು ತಾನೇ ಹೀರಿಕೊಳ್ಳುವುದು. ಒಂದು ಹನಿಯೂ ಪೋಲಾಗದು. ಬೆರ್ತಾ ಬೆಂಜಳ ಕೂಲಿಯಾಳನ್ನು ಮನೆಗೆ ಮರಳುವಂತೆ ಮಾಡಿದವನು ಇವನು! 1940ರಲ್ಲಿ ಯುದ್ಧಕಾಲದ ಮರುಭೂಮಿ ದಳವನ್ನು ಇವನೇ ಕಟ್ಟಿದಾಗ ಲಾರಿಗಳಿಗೆಲ್ಲ ಈ ಡಬ್ಬಿ ಬಂತು. ಇಂದಿನ ಕಾರುಗಳ ಬಾನೆಟ್ಟಿನಡಿ ಕಾಣುವ ಬಿಳಿಯ ಪ್ಲಾಸ್ಟಿಕ್ಕು ಡಬ್ಬಿ ಮಾಡುವುದೂ ಹೆಚ್ಚು ಕಡಮೆ ಅದನ್ನೇ.

ಕುದಿಯುವುದರಲ್ಲಿ ಅಪಕೀರ್ತಿಯ ಶಿಖರಕ್ಕೇರಿದ ಎಂಜಿನ್ನು ಯಾವುದೆಂದರೆ ಹಳೆಯ ಕಾರಿನವರು ಒಂದೇ ಕೊರಳಿನಲ್ಲಿ ಫೋರ್ಡಿನ ವಿ-8 ಎನ್ನುತ್ತಾರೆ. 1932ರ ಮಾರ್ಚಿನಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ಬಳಲುತ್ತಿದ್ದಾಗ, ಎಂಟು ಸಿಲಿಂಡರಿನ 65 ಕುದುರೆ ಶಕ್ತಿಯ ಕಾರನ್ನು 460 ಡಾಲರಿನಿಂದ ತೊಡಗುವ ಬೆಲೆಗೆ ಕೊಡುತ್ತೇನೆಂದು ಫೋರ್ಡ್ ಸಾರಿದ. ಅದುವರೆಗೆ ಎಂಟು ಸಿಲಿಂಡರು ಧನಿಕರ ಸೊತ್ತು. ಹಲವು ಎರಕಗಳನ್ನು ಬೋಲ್ಟಿನಿಂದ ಕೂಡಿಸಿ ಮಾಡುತ್ತಿದ್ದರು. ಫೋರ್ಡ್ ಎಲ್ಲವನ್ನೂ ಒಂದೇ ಎರಕದಲ್ಲಿ ಹೊಯ್ಯಿಸಿದ. ಎರಕದ ಮನೆಯವರ ಪಾಲಿಗೆ ಅದು ದೊಡ್ಡ ಸಾಹಸ. ಆದರೆ ಕವಾಟಗಳೆಲ್ಲ ಎರಡು ಸಾಲಿನ ನಡುವಣ ಕಣಿವೆಯಲ್ಲಿದ್ದುದರಿಂದ ಉರಿದ ಹೊಗೆ ಹೊರಬೀಳಲು ಸಿಲಿಂಡರುಗಳ ನಡುವೆ, ನೀರಿನ ಅಂಗಿಯನ್ನು ಸೀಳಿಕೊಂಡೇ ಹೋಗಬೇಕಾಯಿತು. ಬೇರೆ ಎಂಜಿನ್ನುಗಳು ಹೊರಗೆ ಚೆಲ್ಲುವ ಶಾಖವನ್ನು ಇದು ಮತ್ತೊಮ್ಮೆ ತನ್ನ ನೀರಿಗೇ ಒಪ್ಪಿಸುತ್ತಿತ್ತು. ಅಡಿಗೆಮನೆಯ ಹೊಗೆಗೂಡನ್ನು ಮಲಗುವ ಕೋಣೆಯೊಳಗಿಂದ ಹಾಯಿಸಿದಂತೆ.

ಮೇಲಾಗಿ, 1936ರವರೆಗೆ ಎರಡು ಪಂಪುಗಳನ್ನೂ ಸಿಲಿಂಡರಿನ ಹೆಡ್ಡಿನ ಮುಂದೆ ಕೂಡಿಸಿದ್ದರು. ಅವು ಕುದಿಯುವ ಅಂಚಿನಲ್ಲಿದ್ದ ನೀರನ್ನು ಮೇಲಿನಿಂದ ಎಳೆಯುತ್ತಿದ್ದುವು. ಬಿಸಿನೀರನ್ನು ಎಳೆಯಹೋದರೆ ಒತ್ತಡ ತಗ್ಗಿ ಅದು ಹಬೆಯಾಗುತ್ತದೆ. ಹಬೆ ಸೇರಿದ ಪಂಪು ಸುಮ್ಮನೆ ಗಿರಕಿ ಹೊಡೆಯುತ್ತದೆ. 1937ರಲ್ಲಿ ಪಂಪುಗಳನ್ನು ಕೆಳಗಿಳಿಸಿ, ರೇಡಿಯೇಟರಿನಲ್ಲಿ ತಣಿದ ನೀರನ್ನು ಬ್ಲಾಕಿಗೆ ತಳ್ಳುವಂತೆ ಮಾಡಿದರು. ಎಳೆಯುವುದಕ್ಕೂ ತಳ್ಳುವುದಕ್ಕೂ ಇರುವ ಈ ಭೇದವನ್ನು ಕಂಡುಕೊಳ್ಳಲು ಐದು ವರ್ಷ ಹಿಡಿಯಿತು. ಹೀಗಿದ್ದೂ ಆ ಎಂಜಿನ್ನನ್ನು ಕೆಟ್ಟದೆನ್ನಲು ನನಗೆ ಮನಸ್ಸು ಬಾರದು. ಅಮೆರಿಕದಲ್ಲಿ 1953ರವರೆಗೂ ಅದು ನಡೆಯಿತು. ಬಡವನಿಗೂ ವೇಗದ ರುಚಿ ತೋರಿಸಿತು. ಯುದ್ಧದಲ್ಲಿ ಬ್ರೆನ್ ಕ್ಯಾರಿಯರುಗಳನ್ನು ಎಳೆಯಿತು. ಅದರ ಅಪಕೀರ್ತಿಯಲ್ಲಿ ಅರ್ಧ ಪಾಲು ವಿನ್ಯಾಸದ್ದಾದರೆ ಉಳಿದರ್ಧ ಕೊಳೆಯದು. ಎರಕ ಹೊಯ್ದಾಗಿನ ಮರಳೂ ತಂತಿಯ ತುಂಡುಗಳೂ ನೀರಿನ ಅಂಗಿಯ ಮೂಲೆಗಳಲ್ಲಿ ಉಳಿದು, ತುಕ್ಕಿನೊಡನೆ ಗಟ್ಟಿಯಾಗಿ, ದಶಕಗಳ ಮೇಲೆ ಬಿಚ್ಚಿದವರಿಗೆ ಸಿಗುತ್ತಿದ್ದುವು, ಈಗಲೂ ಸಿಗುತ್ತವೆ. ಅದನ್ನು ಕೆರೆದು ತೆಗೆದ ಮೇಲೆ ಎಷ್ಟೋ ವಿ-8ಗಳು ಸಾಧುವಾಗಿ ಓಡುತ್ತವೆ.

ಮುಂದಿನ ಎರಡು ಸುಧಾರಣೆಗಳನ್ನು ಬೇಗ ಹೇಳಿಬಿಡಬಹುದು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ ಮೇಣದ ಗುಳಿಗೆಯ ಥರ್ಮೊಸ್ಟಾಟನ್ನು ರೂಪಿಸಿದ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹೋಗುತ್ತದೆ. ಇನ್ನೊಂದು ಒತ್ತಡದ ಮುಚ್ಚಳ. ಚದರ ಅಂಗುಲಕ್ಕೆ 7 ಪೌಂಡು ಹೆಚ್ಚಿನ ಒತ್ತಡದಲ್ಲಿ ನೀರು ಸಮುದ್ರಮಟ್ಟದಲ್ಲಿ 100ಕ್ಕಲ್ಲ, 111 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಇದರ ಬೆಲೆ ಬೆಟ್ಟದವರಿಗೆ ಗೊತ್ತು. ಮುಚ್ಚಳ ಬಿಗಿಯದ ಹಳೆಯ ಕಾರಿನಲ್ಲಿ ಮಡಿಕೇರಿಯಲ್ಲಿ 96, ಉದಕಮಂಡಲದಲ್ಲಿ 93 ಡಿಗ್ರಿಯ ಹೊತ್ತಿಗೇ ನೀರು ಮರಳುತ್ತದೆ. ಕೆಳಗಿನ ಗೇರು, ಭರದಿಂದ ತಿರುಗುವ ಎಂಜಿನ್ನು, ಆಮೆಯ ನಡಿಗೆಯಾದ್ದರಿಂದ ಎದುರುಗಾಳಿಯಿಲ್ಲ, ಮೇಲೇರಿದಷ್ಟೂ ಬೇಗ ಕುದಿಯುವ ನೀರು: ಘಟ್ಟದಲ್ಲಿ ನಾಲ್ಕೂ ಶತ್ರುಗಳು ಒಟ್ಟಿಗೆ ಬರುತ್ತವೆ. ಕ್ಲೀನರ್ ಹುಡುಗನ ಓಟಕ್ಕೆ ಶಾಸ್ತ್ರಾಧಾರ ಇಷ್ಟು.

ನಮ್ಮ ಮನೆಮಾತಾದ ಅಂಬಾಸಡರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯ ಕಾರು. ಆ ತಂಪುದೇಶದ ಗಾಡಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ 2014ರವರೆಗೂ ನಮ್ಮ ಬಿಸಿಲಿನಲ್ಲಿ ದುಡಿಯಿತು. ಅದಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ನಮ್ಮ ನೀರು. ಬಯಲುಸೀಮೆಯ ಕೊಳವೆಬಾವಿಯ ಗಡಸುನೀರನ್ನು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪಟ್ಟು ಕಟ್ಟುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಅದೇ ಪಟ್ಟು ರೇಡಿಯೇಟರಿನ ಸಂದಿಗಳಲ್ಲಿಯೂ ಕಟ್ಟುತ್ತದೆ. ದಾರಿಯಲ್ಲಿ ಸಿಕ್ಕಿದ ನೀರು ಸುರಿದಷ್ಟೂ ಅಂದಿನ ಬಾಯಾರಿಕೆ ತಣಿದು ನಾಳಿನ ಕಾಯಿಲೆ ಬೆಳೆಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ, ಇಂದು ಮನೆಯಂಗಳದಲ್ಲಿರುವ ಹಳೆಯ ಕಾರು ಕುದಿದರೆ ಏನು ಮಾಡಬೇಕು? ಮೊದಲನೆಯದು, ಸುಮ್ಮನಿರಬೇಕು. ಬಿಸಿ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರು ಕಡಮೆಯೇನಿಲ್ಲ. ಒತ್ತಡ ಬಿಟ್ಟೊಡನೆ ನೀರು ಒಮ್ಮೆಗೇ ಹಬೆಯಾಗಿ ಚಿಮ್ಮುತ್ತದೆ. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಎರಕ ಬಿರುಕುಬಿಡುತ್ತದೆ. ಅದು ತಣಿಯುವ ಹೊತ್ತಿನಲ್ಲಿ ಯೋಚಿಸಬೇಕಾದುದು, ಯಾವಾಗ ಕುದಿಯಿತು ಎಂಬುದನ್ನು. ಸಂತೆಯ ನಡುವೆ ನಿಂತಾಗ ಕುದಿದು ಬಯಲುದಾರಿಯಲ್ಲಿ ತಣಿದರೆ ದೋಷ ಗಾಳಿಯದು: ಫ್ಯಾನಿನ ಬೆಲ್ಟು ಸಡಿಲವಿರಬಹುದು, ಜಾಲರಿಗೆ ಧೂಳು ಹುಳು ಮೆತ್ತಿರಬಹುದು. ಭರದಿಂದ ಓಡುವಾಗಲೋ ಏರುವಾಗಲೋ ಕುದಿದರೆ ದೋಷ ಹೆಚ್ಚಾಗಿ ನೀರಿನ ಹರಿವಿನದು. ಕೆಳಗಿನ ರಬ್ಬರು ಹೋಸು ಒಳಗೊಳಗೇ ಮೆತ್ತಗಾಗಿ, ಪಂಪು ಎಳೆದಾಗ ಚಪ್ಪಟೆಯಾಗುವುದೂ ಉಂಟು. ನಿಂತ ಗಾಡಿಯಲ್ಲಿ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ಚಾಲೂ ಮಾಡಿದೊಡನೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳೇಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿದೆ, ಉರಿದ ಅನಿಲ ನೀರಿಗೆ ನುಗ್ಗುತ್ತಿದೆ. ಯಾವುದೂ ಅಲ್ಲವಾದರೆ ಟಿ ಕಾರನ್ನು ನೆನೆದು ಕಿಡಿಯ ಹೊತ್ತನ್ನು ನೋಡಬೇಕು. ಪೆಟ್ರೋಲಿಗೆ ಗಾಳಿ ಹೆಚ್ಚಾಗಿ ಬೆರೆಯುತ್ತಿದೆಯೆ, ಬ್ರೇಕು ಗಾಲಿಯನ್ನು ಹಿಡಿದುಕೊಂಡೇ ಇದೆಯೆ ನೋಡಬೇಕು. ದೊಡ್ಡ ರೇಡಿಯೇಟರಿನ ಮಾತು ಇವೆಲ್ಲ ಮುಗಿದ ಮೇಲೆ.

ಥರ್ಮೊಸ್ಟಾಟನ್ನು ಕಿತ್ತೆಸೆಯುವ ಸಲಹೆ ನಮ್ಮ ಗ್ಯಾರೇಜುಗಳಲ್ಲಿ ವೇದವಾಕ್ಯವಾಗಿತ್ತು. ಕೆಟ್ಟು ಮುಚ್ಚಿಕೊಂಡುದನ್ನು ತೆಗೆದರೆ ಆ ಕ್ಷಣಕ್ಕೆ ಗುಣ ಕಾಣುವುದು ನಿಜ. ಆದರೆ ಕೆಲವು ಎಂಜಿನ್ನುಗಳಲ್ಲಿ ಅದು ಒಂದು ಬಾಗಿಲು ತೆರೆಯುವಾಗ ಅಡ್ಡದಾರಿಯ ಬಾಗಿಲನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಹೊಸದೊಂದನ್ನು ಹಾಕುವುದೇ ಲೇಸು. ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ಕಾಯಿಸಿ ಬಾಗಿಲು ತೆರೆಯುವುದನ್ನು ಕಣ್ಣಾರೆ ನೋಡಬಹುದು. ಹಾಗೆಯೇ ಮುಚ್ಚಳದ ಮಾತು: ಒತ್ತಡಕ್ಕೆಂದು ಕಟ್ಟದ ರೇಡಿಯೇಟರಿಗೆ ಒತ್ತಡದ ಮುಚ್ಚಳ ಬಿಗಿದರೆ ಬೆಸುಗೆಗಳೇ ಬಿಚ್ಚಿಕೊಳ್ಳುತ್ತವೆ. ಕೊಳೆ ತೆಗೆಯಲು ನೀರನ್ನು ತಲೆಕೆಳಗಾಗಿ, ಅಂದರೆ ತಳದಿಂದ ನೆತ್ತಿಗೆ ಹಾಯಿಸುವುದು ಹಳೆಯ ಕ್ರಮ. ಪಟ್ಟು ಗಟ್ಟಿಯಾಗಿದ್ದರೆ ನಿಂಬೆಹುಳಿಯ ಉಪ್ಪನ್ನು ತೆಳ್ಳಗೆ ಕರಗಿಸಿ ಹರಿಸಿ, ಬಳಿಕ ಚೆನ್ನಾಗಿ ತೊಳೆಯುತ್ತಾರೆ. ಅಲ್ಯೂಮಿನಿಯಮ್ಮಿನ ಹೆಡ್ಡಿದ್ದರೆ ಬಟ್ಟೆ ಸೋಡಾ ಮಾತ್ರ ಕೂಡದು, ಅದು ಲೋಹವನ್ನೇ ತಿನ್ನುತ್ತದೆ.

ಜೇನುಗೂಡಿನ ಹಳೆಯ ರೇಡಿಯೇಟರು ಸೋರತೊಡಗಿದರೆ ಪ್ರಶ್ನೆ ಬೇರೆಯೇ ಬಗೆಯದು. ಸಾವಿರಾರು ಬೆಸುಗೆಗಳಲ್ಲಿ ಒಂದನ್ನು ಮುಚ್ಚಲು ಕಾಯಿಸಿದರೆ ಪಕ್ಕದ ನಾಲ್ಕು ಬಾಯಿಬಿಡುತ್ತವೆ. ಅದನ್ನು ರಿಪೇರಿ ಮಾಡಬಲ್ಲ ಕೈಗಳು ಈಗ ಎಲ್ಲ ದೇಶಗಳಲ್ಲಿಯೂ ಕಡಮೆ, ಖರ್ಚೂ ಬಹಳ. ಕೆಲವರು ಹೊರಗಿನ ಹಿತ್ತಾಳೆಯ ಕವಚವನ್ನು ಉಳಿಸಿಕೊಂಡು ಒಳಗೆ ಈಗಿನ ಕೋರನ್ನು ಕೂಡಿಸುತ್ತಾರೆ. ಇನ್ನು ಕೆಲವರಿಗೆ ಅದು ದೇವರನ್ನು ತೆಗೆದು ಪ್ರಭಾವಳಿಯನ್ನಷ್ಟೇ ಉಳಿಸಿದಂತೆ ತೋರುತ್ತದೆ; ಅಂಥವರು ಕಾರನ್ನು ಓಡಿಸದೆ ನಿಲ್ಲಿಸುವುದಕ್ಕೂ ಸಿದ್ಧ. ನಾನು ಓಡಿಸುವವರ ಪಕ್ಷ. ಆದರೆ ಕಿತ್ತ ಹಳೆಯ ಕೋರನ್ನು ಗುಜರಿಗೆ ಹಾಕಬಾರದು. ನೀರು ಆರಿಸಿ, ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ, ಯಾವ ಕಾರಿನದು, ಯಾವ ವರ್ಷ ತೆಗೆದುದು ಎಂದು ಚೀಟಿ ಕಟ್ಟಿ ಅಟ್ಟದ ಮೇಲಿಡಬೇಕು.